ಕೋವಿ ಮಾತು ಬಂದ್ರೆ ಎಲ್ಲಾ ಭಯದಿಂದ್ಲೇ ಯಾಕೆ ಶುರುವಾಗತ್ತೆ?

ತೋಟದಮನೆ_ಸಕಲೇಶಪುರ:
2024ರ ಲೋಕಸಭೆ ಎಲೆಕ್ಷನ್ ಟೈಮಲ್ಲಿ ಅಪ್ಪನ ಕೋವಿನ ಸ್ಟೇಷನ್ನಿಗೆ ಡಿಪಾಸಿಟ್ ಮಾಡಿ ಬಂದೋನು ನಾನೇ. ಅದು ವಾಪಸ್ ಬರೋವರ್ಗೂ ಅಪ್ಪ ರಾತ್ರಿ ಎರಡೆರಡು ಸಲ ಎದ್ದು ಚಿಲಕ ನೋಡೋರು. ಆ ಕೋವಿಯಿಂದ ಒಂದು ಈಡು ಹೊಡೆದು ಹತ್ತು ವರ್ಷ ಆಯ್ತು. ಈಗ ನಮ್ಮ ಕಡೆ ಆನೆ ಯಾರನ್ನಾದ್ರೂ ತುಳಿದ್ರೆ ಸಾಕು, ಮಾರನೇ ದಿನದ ಮೀಟಿಂಗಲ್ಲಿ ಎಲ್ರಿಗೂ ಲೈಸೆನ್ಸ್ ಕೊಡಿ ಅಂತ ಒಂದು ಗುಂಪು, ಕೊಟ್ರೆ ಕುಡಿದು ಜಗಳಕ್ಕೆ ತೆಗಿತಾರೆ ಅಂತ ಇನ್ನೊಂದು ಗುಂಪು, ಎರಡೂ ಕಡೆಯೋರು ಹೆದರ್ಕೊಂಡೇ ಕೂಗ್ತಾರೆ. ಅಮೆರಿಕದಲ್ಲೂ ಇದೇ ಅಲ್ವಾ, 2012ರಲ್ಲಿ ಸ್ಯಾಂಡಿ ಹುಕ್ ಸ್ಕೂಲಲ್ಲಿ 20 ಮಕ್ಕಳು, 6 ಜನ ಸಿಬ್ಬಂದಿ ಸತ್ತಾಗ ಕೋವಿ ಬೇಡ ಅಂತ ಅತ್ತೋರು ಒಂದು ಕಡೆ, ಇನ್ನು ಬ್ಯಾನ್ ಮಾಡ್ಬಿಡ್ತಾರೆ ಅಂತ ಅಂಗಡಿಗೆ ಓಡಿದೋರು ಇನ್ನೊಂದು ಕಡೆ. ಇಷ್ಟು ಭಯ ಇಟ್ಕೊಂಡು ಸರಿಯಾಗಿ ಮಾತಾಡೋಕಾಗತ್ತಾ?

ಆಲೂರು_ಹುಡುಗ:
ಅಣ್ಣ, ಭಯನ ತಪ್ಪು ಅನ್ಬೇಡಿ. ಬೆಳಿಗ್ಗೆ ಆರೂವರೆಗೆ ಮಂಜಲ್ಲಿ ಕೆಲಸಕ್ಕೆ ನಡ್ಕೊಂಡು ಬರೋ ಹೆಂಗಸ್ರಿಗೆ ಆನೆ ಕಾಣೋದೇ ಇಪ್ಪತ್ತಡಿ ಹತ್ರ ಬಂದ್ಮೇಲೆ. ಮೊದಲು ಸಗಣಿ ವಾಸನೆ ಬರತ್ತೆ, ಆಮೇಲೆ ಕಾಫಿ ಗಿಡ ಮುರಿಯೋ ಸದ್ದು. ಎಸಿ ರೂಮಲ್ಲಿ ಕೂತು ಹೆದರ್ಬೇಡಿ ಅನ್ನೋರ್ನ ಕಂಡ್ರೆ ನಂಗೆ ಮೈ ಉರಿಯತ್ತೆ.

ಮೂಡಿಗೆರೆ_ಮೆಣಸು:
ಭಯ ನಿಜ, ಒಪ್ದೆ. ಆದ್ರೆ ಅದಕ್ಕೆ ಕೋವಿ ಮದ್ದಾ? 2023ರ ಡಿಸೆಂಬರಲ್ಲಿ ಯಸಳೂರು ಹತ್ರ ಕಾಡಾನೆ ಹಿಡಿಯೋಕೆ ಹೋಗಿ ಅರ್ಜುನ ಸತ್ತಿದ್ದು ನೆನಪಿದ್ಯಲ್ಲ, ಚಿನ್ನದ ಅಂಬಾರಿ ಹೊತ್ತ ಆನೆ, ಜೊತೆಗೆ ಮಾವುತರು, ಡಾಕ್ಟ್ರು, ಅರವಳಿಕೆ ಕೋವಿ ಎಲ್ಲಾ ಇತ್ತು, ಆದ್ರೂ ಕಾಡಾನೆ ಎದುರು ಉಳೀಲಿಲ್ಲ. ನಮ್ಮ ಕೇಪಿನ ಕೋವಿ ಈಡು ತಾಗಿ ಗಾಯ ಆದ್ರೆ ಅದು ಇನ್ನೂ ಕೆರಳತ್ತೆ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸೂ ಆಗತ್ತೆ.

ಇನ್ನೊಂದು ವಿಷ್ಯ, ಇದನ್ನ ಯಾವ ಮೀಟಿಂಗಲ್ಲೂ ಯಾರೂ ಎತ್ತಲ್ಲ. ಮೆಣಸು ಸೊರಗು ರೋಗಕ್ಕೆ ಹೋದ ವರ್ಷ ನಮ್ಮ ಸೋದರಮಾವ ಮಾತೇ ಬಿಟ್ಟಿದ್ರು. ಅತ್ತೆ ಒಂದಿನ ಮನೇಲಿದ್ದ ಕೋವಿ ಗುಂಡನ್ನೆಲ್ಲ ಸೆರಗಲ್ಲಿ ಕಟ್ಕೊಂಡು ಬಂದು ನಮ್ಮನೇಲಿ ಇಡಿ ಅಂದ್ರು, ಕೈ ನಡುಗ್ತಿತ್ತು. ಮಾವ ಈಗ ಆರಾಮಾಗಿದಾರೆ. ಅಮೆರಿಕದಲ್ಲಿ ಗುಂಡಿಗೆ ಸಾಯೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆತ್ಮಹತ್ಯೆ ಮಾಡ್ಕೊಂಡೋರು ಗೊತ್ತಾ? ಕಳ್ಳ ಬರ್ತಾನೆ ಅಂತ ಕೋವಿ ತರ್ತಾರೆ, ಅತ್ತೆ ಹೆದರಿದ್ದು ಕಳ್ಳನಿಗಲ್ಲ.

ಚಿಕ್ಕಮಗಳೂರು_ವಕೀಲ:
ಆಸ್ಟ್ರೇಲಿಯಾದ್ದು ಹೇಳ್ತೀನಿ. 1996ರಲ್ಲಿ ಪೋರ್ಟ್ ಆರ್ಥರಲ್ಲಿ 35 ಜನ ಸತ್ತ ಮೇಲೆ ಪ್ರಧಾನಿ ಜಾನ್ ಹೋವರ್ಡ್ ಕಾನೂನು ಬಿಗಿ ಮಾಡಿದ್ರು, ಸರ್ಕಾರ ದುಡ್ಡು ಕೊಟ್ಟು ಆರು ಲಕ್ಷಕ್ಕೂ ಮೇಲೆ ಕೋವಿ ವಾಪಸ್ ತಗೊಳ್ತು. ಕೋವಿ ಇರೋ ರೈತರ ಎದುರು ಭಾಷಣಕ್ಕೆ ಹೋದಾಗ ಅವರು ಕೋಟಿನೊಳಗೆ ಗುಂಡು ನಿರೋಧಕ ಅಂಗಿ ಹಾಕಿದ್ರು, ಆಮೇಲೆ ಅದನ್ನ ಹಾಕ್ಕೋಬಾರ್ದಿತ್ತು ಅಂದ್ರು. ಜನರನ್ನ ಹೆದರಬೇಡಿ ಅಂತ ಕೇಳೋಕೆ ಹೋದೋರೇ ಹಂಗೆ ನಿಂತ್ರೆ ಎದುರಿಗಿದ್ದೋರಿಗೆ ಏನನ್ಸತ್ತೆ? ನಮ್ಮಲ್ಲೂ 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡೀಲಿ ಒಬ್ಬರಿಗೆ ಮೂರು ಕೋವಿ ಅಂತಿದ್ದ ಮಿತಿ ಎರಡಕ್ಕಿಳೀತು, ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರ್ತು. ಜನರ ಬಾಯಲ್ಲಿ ಉಳಿದಿದ್ದು ಮೊದಲನೇದು ಮಾತ್ರ.

ತೋಟದಮನೆ_ಸಕಲೇಶಪುರ:
ಮೂಡಿಗೆರೆಯೋರೇ, ನಿಮ್ಮತ್ತೆ ವಿಷ್ಯ ಓದಿ ಸುಮ್ನೆ ಕೂತ್ಬಿಟ್ಟೆ. ಮುಂದಿನ ಮೀಟಿಂಗಲ್ಲಿ ಲೈಸೆನ್ಸ್ ಬಿಟ್ಟು ಆನೆ ಎಲ್ಲಿದೆ ಅಂತ ಬೆಳಿಗ್ಗೆ ಐದಕ್ಕೇ ಮೆಸೇಜ್ ಬರೋ ವ್ಯವಸ್ಥೆ, ಕೆಲಸದೋರಿಗೆ ಜೀಪು, ಇವೆರಡನ್ನೇ ಕೇಳ್ತೀನಿ. ಇದನ್ನೆಲ್ಲ ಮನೇಲಿ ಓದಿ ಹೇಳ್ದಾಗ ಅಮ್ಮ ಅಂದ್ರು, ಕೋವಿ ಗೋಡೆ ಮೇಲಿದ್ದಾಗ್ಲೂ ನಿಮ್ಮಪ್ಪ ಚಿಲಕ ನೋಡೋಕೆ ಏಳ್ತಿದ್ರು ಕಣೋ ಅಂತ.