ಕೊಳೆಯುವುದು, ಕಳಿಯುವುದು, ಹುಳಿ ಬರುವುದು: ಸೊಪ್ಪಿನ ಗೊಬ್ಬರಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಾವು ಕೆಲವರು ಸೇರಿ ಹಿತ್ತಲಲ್ಲಿ, ತಾರಸಿಯಲ್ಲಿ ತರಕಾರಿ ಬೆಳೆಯುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಸೊಪ್ಪು, ಕಳೆ, ಬೆಲ್ಲದಿಂದ ದ್ರವಗೊಬ್ಬರ ಮಾಡುವುದು, ಮಣ್ಣಿನ ಮೇಲೆ ಕಣಿಕೆ, ಹೊಟ್ಟು, ಒಣಹುಲ್ಲು ಹಾಸುವುದು, ಇಷ್ಟೇ ವಿಷಯ. ವಿಧಾನದ ಬಗ್ಗೆ ನಮ್ಮಲ್ಲಿ ತಕರಾರಿಲ್ಲ, ತಕರಾರೆಲ್ಲ ಪದಗಳದ್ದು. ಚಂದದ ಪದ ಬೇಕು ಅಂತ ಸುಮ್ನೆ ಕೇಳುತ್ತಿಲ್ಲ. ಇಲ್ಲಿ ಪದ ತಪ್ಪಿದರೆ ಓದಿದವರ ಡ್ರಮ್ಮು ಕೆಡುತ್ತದೆ.

ಮೊದಲು 'ಹುದುಗು'. ಪುಸ್ತಕಗಳಲ್ಲಿ ಎಲ್ಲ ಕಡೆ 'ಹುದುಗಿಸಿ', 'ಹುದುಗುವಿಕೆ' ಅಂತಲೇ ಇರುತ್ತದೆ. ನಮ್ಮ ಕಡೆ ಹುದುಗು ಅಂದರೆ ಅಡಗು, ಒಳಗೆ ಸೇರಿಕೋ ಅನ್ನುವ ಅರ್ಥವೇ ಮೊದಲು ಬರುತ್ತದೆ. ಕರಡು ಓದಿದ ಕುಂದಗೋಳ ಕಡೆಯ ಒಬ್ಬ ಅಕ್ಕ, "ಹುದುಗಸೋದಂದ್ರ ಡ್ರಮ್ ಮಣ್ಣಾಗ ಹುಗೀಬೇಕೇನ್ರಿ?" ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಮೈಸೂರು ಕಡೆ ದೋಸೆ ಹಿಟ್ಟು ಹುದುಗು ಬರಬಹುದು, ನಮ್ಮ ಮನೆಗಳಲ್ಲಿ ಹಿಟ್ಟು ಹುಳಿ ಬರುತ್ತದೆ, ಇಲ್ಲವೇ ಉಬ್ಬುತ್ತದೆ.

ಇನ್ನು ಕೆಲವರು 'ಕೊಳೆಸಿ' ಅಂತ ಬರೆಯುತ್ತಾರೆ. ನನ್ನ ಮುಖ್ಯ ಆಕ್ಷೇಪ ಇದಕ್ಕೇ. ಎರಡು ಬೇರೆ ಬೇರೆ ಕೆಲಸಗಳಿಗೆ ಒಂದೇ ಪದ ಹಚ್ಚಿದಂತಾಗುತ್ತದೆ. ಕತ್ತರಿಸಿದ ಎಳೇ ಚಿಗುರಿಗೆ ತೂಕಕ್ಕೆ ತೂಕ ಬೆಲ್ಲ ಕಲಸಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿ ಒಂದು ವಾರ ಇಡುವ ಕೊರಿಯಾ ಪದ್ಧತಿ ಒಂದಿದೆ. ಬೆಲ್ಲ ಎಲೆಯ ರಸವನ್ನು ಹೊರಗೆ ಎಳೆಯುತ್ತದೆ, ಆಮೇಲೆ ಎಲೆಯ ಮೇಲೇ ಇರುವ ಸೂಕ್ಷ್ಮಜೀವಿಗಳು ಅದನ್ನು ಹುಳಿ ಬರಿಸುತ್ತವೆ. ಸಿಹಿಹುಳಿ ವಾಸನೆ ಬಂದರೆ ಆಯಿತು ಅಂತ ಲೆಕ್ಕ. ಇದನ್ನು ಲೀಟರ್ ನೀರಿಗೆ 1 ರಿಂದ 2 ಮಿಲಿಲೀಟರ್ ಹಾಕಿದರೆ ಸಾಕು. ಇನ್ನೊಂದು, ಕಳೆಯನ್ನೋ ಗೊಬ್ಬರಗಿಡದ ಸೊಪ್ಪನ್ನೋ ಬರೀ ನೀರಲ್ಲಿ ಮುಳುಗಿಸಿ ಎರಡು ಮೂರು ವಾರ ಬಿಡುವುದು. ಅದು ನಿಜಕ್ಕೂ ಕೊಳೆಯುತ್ತದೆ, ಓಣಿಗೆಲ್ಲ ನಾರುತ್ತದೆ. ಆದರೂ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರವೇ. ಎರಡಕ್ಕೂ 'ಕೊಳೆಸಿದ ಸೊಪ್ಪಿನ ನೀರು' ಅಂದುಬಿಟ್ಟರೆ, ಬೆಲ್ಲದ ಡಬ್ಬಿ ಕೆಟ್ಟು ನಾತ ಹೊಡೆದಾಗಲೂ 'ಕೊಳಿಬೇಕಲ್ಲ, ಕೊಳಿತೈತಿ' ಅಂತ ಓದುಗರು ಸಮಾಧಾನದಲ್ಲಿ ಇರುತ್ತಾರೆ. ಕೆಟ್ಟಿದೆ ಅಂತ ಗೊತ್ತಾಗುವುದೇ ಇಲ್ಲ.

ಇವೆರಡರ ನಡುವೆ ನಮ್ಮ ರೈತರು ದಿನವೂ ಆಡುವ ಒಂದು ಒಳ್ಳೆಯ ಪದ ಇದೆ: ಕಳಿ. 'ಚೊಲೋ ಕಳಿತ ತಿಪ್ಪಿಗೊಬ್ಬರ' ಅಂತಾರೆ. ಕೊಳೆತದ್ದು ಅನ್ನುವುದಿಲ್ಲ. ಕೊಳೆತದ್ದು ಹಾಳಾದದ್ದು, ಕಳಿತದ್ದು ಬಳಸಲು ಬಂದದ್ದು. ಕಳಿಯದ ಹಸಿಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ ಅಂತ ಎಚ್ಚರಿಸುವಾಗಲೂ ಈ ಪದವೇ. ಎಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಎರಡು ಸಣ್ಣ ಪದಗಳು ಹಿಡಿದಿವೆ ನೋಡಿ! ತೊಂದರೆ ಏನೆಂದರೆ ಅದನ್ನು 'ಕಳಿಸು' ಅಂತ ಮಾಡಿದರೆ ಊರಿಗೆ ಕಳಿಸಿದಂತೆ ಕೇಳುತ್ತದೆ. ಹಾಗಾಗಿ 'ಕಳಿಯಲು ಬಿಡಿ' ಅಂತ ಬರೆದಿದ್ದೇವೆ. ಆದರೆ ಇದು ತಿಪ್ಪೆಗೆ, ಗಟ್ಟಿ ಗೊಬ್ಬರಕ್ಕೆ ಒಪ್ಪುತ್ತದೆ. ಡ್ರಮ್ಮಿನ ನೀರಿಗೆ 'ಕಳಿ' ಬಳಸುವುದನ್ನು ಯಾರಾದರೂ ಕೇಳಿದ್ದೀರಾ?

ಜೀವಾಮೃತಕ್ಕೆ ನನಗೆ ತೋಚಿದ್ದು 'ಹೆಪ್ಪು'. 200 ಲೀಟರ್ ನೀರು, 10 ಕಿಲೋ ಸಗಣಿ, 5 ರಿಂದ 10 ಲೀಟರ್ ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ಕಡಲೆ ಹಿಟ್ಟು, ಇದಿಷ್ಟರ ಜೊತೆ ಒಡ್ಡಿನ ಮಣ್ಣು ಒಂದು ಹಿಡಿ. ಆ ಹಿಡಿ ಮಣ್ಣು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದರೆ ಮುಗಿಯಿತು. ಹೆಪ್ಪು ಸ್ವಲ್ಪವೇ ಸಾಕು, ಹಾಕಿದ ಮೇಲೆ ಹೊತ್ತು ಕೊಡಬೇಕು, ಬಿಸಿಲಿಗೆ ಇಡಬಾರದು, ಇಷ್ಟನ್ನೂ ಆ ಒಂದು ಪದವೇ ಹೇಳುತ್ತದೆ. ಆದರೆ ಹೆಪ್ಪಾದ ಹಾಲನ್ನು ಅಲುಗಾಡಿಸುವುದಿಲ್ಲ, ಜೀವಾಮೃತವನ್ನು ದಿನಕ್ಕೆರಡು ಸಲ ತಿರುವಲೇಬೇಕು. ಅದನ್ನು ಬೇರೆಯಾಗಿ ಬರೆಯಬೇಕಾಗುತ್ತದೆ.

ಆಮೇಲೆ ತಯಾರಾದ ವಸ್ತುವಿನ ಹೆಸರು. 'ಕಷಾಯ' ಬೇಡ ಅಂತ ನಾನು ಹಟ ಹಿಡಿದಿದ್ದೇನೆ. ಕಷಾಯ ಅಂದರೆ ಒಲೆಯ ಮೇಲೆ ಕುದಿಸಿದ್ದು. ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಮಾಡಿದ್ದೆಲ್ಲ ವ್ಯರ್ಥ. ದಶಪರ್ಣಿ ಕಷಾಯ ತಿಂಗಳಿಗೂ ಹೆಚ್ಚು ನೆನೆದು ಆಗುವಂಥದ್ದು, ಅದಕ್ಕೂ ಕಷಾಯ ಅಂತಾರಲ್ಲ ಅಂತ ಗೆಳೆಯರ ವಾದ. ನಿಜ. ಆದರೆ ಅದು ಕೀಟಕ್ಕೆ ಹೊಡೆಯುವುದು. ಕಷಾಯ ಅಂತ ಕಂಡರೆ ನಮ್ಮವರು 'ಎಣ್ಣಿ ಹೊಡಿಯೋದು' (ಕೀಟನಾಶಕ ಸಿಂಪಡಿಸುವುದು) ಅನ್ನುವ ಸಾಲಿಗೇ ಸೇರಿಸಿಕೊಳ್ಳುತ್ತಾರೆ. ಗೊಬ್ಬರಕ್ಕೆ ಆ ಹೆಸರು ಯಾಕೆ? 'ಟಾನಿಕ್' ಅಂತೂ ಬೇಡವೇ ಬೇಡ. ನಾನು 'ಹುಳಿಗೊಬ್ಬರ' ಅಂತ ಇಟ್ಟಿದ್ದೇನೆ. 'ಸೊಪ್ಪಿನ ಹುಳಿ' ಇನ್ನೂ ಚೆನ್ನಾಗಿತ್ತು, ಆದರೆ ಬೆಂಗಳೂರು ಕಡೆಯವರಿಗೆ ಅದು ಊಟಕ್ಕೆ ಬಡಿಸುವ ಸಾರು. ಹುಳಿಗೊಬ್ಬರ ಅಂದರೆ ಮಣ್ಣನ್ನು ಹುಳಿ ಮಾಡುವ ಗೊಬ್ಬರ ಅಂತ ಯಾರಾದರೂ ತಿಳಿಯಬಹುದೇ? ಇದಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಇನ್ನು ಮಲ್ಚಿಂಗ್, ಅಂದರೆ ಮೊದಲು ಹೇಳಿದ ಮಣ್ಣಿನ ಮೇಲೆ ಹಾಸುವ ಕೆಲಸ. ಈ ಇಂಗ್ಲಿಷ್ ಪದ ಹಳ್ಳಿಗೂ ಹೋಗಿದೆ, ಬಳಸಬಹುದಿತ್ತು. ಆದರೆ ಹಾವೇರಿ ಕಡೆ ತರಕಾರಿ ಬೆಳೆಯುವವರನ್ನು ಕೇಳಿ, ಮಲ್ಚಿಂಗ್ ಅಂದರೆ ಅವರಿಗೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಾಳೆ. ನಾವು ಹೇಳಬೇಕಾದದ್ದು ಅದರ ತದ್ವಿರುದ್ಧ, ಮಣ್ಣಿಗೆ ಸೇರಿ ಮಣ್ಣೇ ಆಗುವ ವಸ್ತು. ಸುಭಾಷ್ ಪಾಳೇಕರರ ನೈಸರ್ಗಿಕ ಕೃಷಿಯಿಂದ ಬಂದ 'ಆಚ್ಛಾದನ' ಬಾಯಿಗೆ ಹತ್ತುವುದಿಲ್ಲ. 'ಮುಚ್ಚಿಗೆ', 'ಹೊದಿಕೆ' ಎರಡೂ ಪರವಾಗಿಲ್ಲ. ನನಗೆ ಹಿಡಿಸಿದ್ದು ನಮ್ಮ 'ಹೊಚ್ಚು'. ಚಾದರ ಹೊಚ್ಚಿದಂತೆ ಮಡಿಗೆ ಸೊಪ್ಪು ಹೊಚ್ಚುವುದು. ಮುಚ್ಚು ಅಂದರೆ ಪೂರ್ತಿ ಮುಚ್ಚಿಬಿಡುತ್ತಾರೆ, ಗಿಡದ ಬುಡಕ್ಕೆ ಒತ್ತಿ ರಾಶಿ ಹಾಕುತ್ತಾರೆ, ಕಾಂಡ ಕೊಳೆಯುತ್ತದೆ. ಹೊಚ್ಚುವಾಗ ಮುಖ ಹೊರಗೆ ಬಿಡುತ್ತೇವಲ್ವಾ? ಎರಡು ಮೂರು ಇಂಚು ದಪ್ಪ ಹೊಚ್ಚಿ, ಕಾಂಡದ ಸುತ್ತ ಜಾಗ ಬಿಡಿ ಅಂದರೆ ತಕ್ಷಣ ತಿಳಿಯುತ್ತದೆ. ಇದರ ನಾಮಪದ 'ಹೊಚ್ಚಿಗೆ' ಅಂತ ಎಲ್ಲಾದರೂ ಬಳಕೆಯಲ್ಲಿದೆಯೇ? ಗದಗ, ರೋಣ, ಮುಂಡರಗಿ ಕಡೆಯವರು ಹೇಳಿ.

ಇದೇ ಜಾಗದಲ್ಲಿ ಇನ್ನೊಂದು ವಿಷಯ. ಎರೆಹೊಲದಲ್ಲಿ (ಕಪ್ಪು ಮಣ್ಣಿನ ಹೊಲ) ಹಿಂಗಾರಿ ಜೋಳ, ಕಡಲೆಗೆ ನೆಲ ಬಿರಿಯುವ ಮೊದಲು ಎಡೆಕುಂಟೆ ಹೊಡೆಯುತ್ತಾರೆ, ಅಂದರೆ ಸಾಲುಗಳ ನಡುವೆ ಕುಂಟೆ ಹಾಯಿಸಿ ಮೇಲ್ಮಣ್ಣು ಸಡಿಲಿಸುತ್ತಾರೆ. ಮೇಲಿನ ಪುಡಿಮಣ್ಣೇ ಬಿರುಕು ಮುಚ್ಚಿ ಕೆಳಗಿನ ಹಸಿ ಉಳಿಸುತ್ತದೆ. ಪಾಳೇಕರರು ಹೇಳುವ ಮೂರು ಆಚ್ಛಾದನಗಳಲ್ಲಿ ಮಣ್ಣಿನದೂ ಒಂದು, ಅಂದರೆ ಇದೇ. ನಮ್ಮ ರೈತರಿಗೆ ಕೆಲಸ ಹಳೆಯದು, ಹೆಸರೂ ಕೆಲಸದ್ದೇ, 'ಎಡಿ ಹೊಡಿಯೋದು'. ಇದನ್ನು ಹೊಸ ಪದದ ಕೆಳಗೆ ತಂದು ಕಲಿಸುವ ಬದಲು ಇದರಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

'ವಾಫಸಾ' ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮರಾಠಿ ಪದ, ಕನ್ನಡದಲ್ಲಿ ಓದಿದರೆ 'ವಾಪಸ್' ಅನಿಸುತ್ತದೆ. ಮಣ್ಣಲ್ಲಿ ಹಸಿಯೂ ಗಾಳಿಯೂ ಸಮ ಇರುವ ಸ್ಥಿತಿಗೆ ನಮ್ಮ 'ಹದ' ಸಾಕು. ಹೊಂಗೆಗೆ ಹುಲಗಲ, ಗಂಜಲಕ್ಕೆ ಗೋಮೂತ್ರ ಅಂತಲೂ ಬದಲಿಸಿದ್ದೇವೆ.

ಉತ್ತರ ಬರೆಯುವವರು ದಯವಿಟ್ಟು ನಿಘಂಟಿನ ಅರ್ಥದ ಜೊತೆ ನಿಮ್ಮ ಊರಲ್ಲಿ ಯಾರು, ಯಾವಾಗ ಆ ಪದ ಆಡುತ್ತಾರೆ ಅನ್ನುವುದನ್ನೂ ತಿಳಿಸಿ. ಮುಖ್ಯವಾಗಿ ಬೇಕಾದದ್ದು ಬೆಲ್ಲದ್ದಕ್ಕೂ ಬರೀ ನೀರಿನದ್ದಕ್ಕೂ ಬೇರೆ ಬೇರೆ ಹೆಸರು. ಬೆಲ್ಲದ್ದಕ್ಕೆ ಹುಳಿಗೊಬ್ಬರ ಅಂತಾದರೆ, ನೀರಲ್ಲಿ ಕೊಳೆತದ್ದಕ್ಕೆ ಏನನ್ನೋಣ? 'ಕೊಳೆನೀರು' ಅಂದರೆ ಗಟಾರದ ನೀರು ಅಂದುಕೊಳ್ಳುತ್ತಾರೆ.