ನಡುವಿನ ಟೇಬಲ್‌ಗಳು ಖಾಲಿ ಉಳಿಯುತ್ತಿವೆ: ಒಳಾಂಗಣದಲ್ಲಿ ಮೊದಲು ಏನನ್ನು ಬದಲಿಸಬೇಕು?

ಪ್ರಶ್ನೆ

ಎರಡು ವರ್ಷಗಳಿಂದ ಒಂದು ರೆಸ್ಟೋರೆಂಟ್ ನಡೆಸುತ್ತಿದ್ದೇನೆ. ನಾಲ್ಕು ಕುರ್ಚಿಗಳ 12 ಟೇಬಲ್‌ಗಳಿದ್ದು, ಒಟ್ಟು 48 ಮಂದಿ ಕೂರಬಹುದು. ರುಚಿಯ ಬಗ್ಗೆ ದೂರು ಬಂದಿಲ್ಲ. ಆದರೆ ಒಳಗೆ ಬಂದವರೆಲ್ಲ ಗೋಡೆಬದಿಯ ಟೇಬಲ್‌ಗಳತ್ತಲೇ ಹೋಗುತ್ತಾರೆ. ಅವು ಭರ್ತಿಯಾಗಿದ್ದರೆ, ನಡುವೆ ಜಾಗವಿದ್ದರೂ ಕೆಲವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ರಜಾದಿನಗಳಲ್ಲಿ ಎಲ್ಲ ಟೇಬಲ್‌ಗಳೂ ತುಂಬಿದ್ದಾಗ ತಲೆ ಎಣಿಸಿದರೆ 28 ದಾಟುವುದಿಲ್ಲ. ಹೊಸ ಬಣ್ಣ, ಫಾಲ್ಸ್ ಸೀಲಿಂಗ್, ದುಬಾರಿ ದೀಪಗಳನ್ನು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಗುತ್ತಿಗೆದಾರರೊಬ್ಬರು ಹೇಳುತ್ತಿದ್ದಾರೆ. ಕೈಯಲ್ಲಿರುವ ಹಣ ಒಂದು ಸಲದ ಕೆಲಸಕ್ಕೆ ಮಾತ್ರ ಸಾಲುತ್ತದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಒಳಾಂಗಣ ವಿನ್ಯಾಸಕ)

ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ಮುಚ್ಚಿಡಿ. ನೀವು ಕೊಟ್ಟ ಲೆಕ್ಕದಲ್ಲೇ ಉತ್ತರವಿದೆ. 12 ಟೇಬಲ್‌ಗಳಲ್ಲಿ 28 ಮಂದಿ ಎಂದರೆ ನಿಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇಬ್ಬಿಬ್ಬರು. ಪ್ರತಿ ಜೋಡಿಯೂ ಎರಡು ಕುರ್ಚಿಗಳನ್ನು ಖಾಲಿ ಇಟ್ಟುಕೊಂಡೇ ಊಟ ಮುಗಿಸುತ್ತಿದೆ. ಆರು ಟೇಬಲ್‌ಗಳನ್ನು ಹಾಗೆಯೇ ಉಳಿಸಿಕೊಂಡು, ಮಿಕ್ಕ ಆರರ ಬದಲಿಗೆ ಇಬ್ಬರು ಕೂರುವ 12 ಟೇಬಲ್‌ಗಳನ್ನು ಹಾಕಿದರೆ ಆಸನಗಳು 48 ಆಗಿಯೇ ಇರುತ್ತವೆ, ಆದರೆ 12ರ ಬದಲು 18 ಗುಂಪುಗಳಿಗೆ ಜಾಗ ಸಿಗುತ್ತದೆ. ಎಲ್ಲವೂ ಒಂದೇ ಎತ್ತರದವಾಗಿದ್ದರೆ ದೊಡ್ಡ ಕುಟುಂಬ ಬಂದಾಗ ಜೋಡಿಸಿಕೊಳ್ಳಬಹುದು. ಒಬ್ಬರ ತಟ್ಟೆ, ಲೋಟಕ್ಕೆ ಸುಮಾರು 60 ಸೆಂಟಿಮೀಟರ್ ಅಗಲ ಬೇಕೆಂಬುದು ನಮ್ಮ ಕೆಲಸದಲ್ಲಿ ಸಾಮಾನ್ಯ ಲೆಕ್ಕ. ಅದಕ್ಕಿಂತ ಕಡಿಮೆ ಮಾಡಬೇಡಿ. ಬಡಿಸುವವರು ಓಡಾಡುವ ಮುಖ್ಯ ದಾರಿಗೆ 90 ಸೆಂಟಿಮೀಟರ್ ಆದರೂ ಬಿಡಿ, ಗಾಲಿಕುರ್ಚಿಯೂ ಸಾಗುತ್ತದೆ.

ಇನ್ನು ನಡುವಿನ ಟೇಬಲ್‌ಗಳ ವಿಷಯ. ಮನುಷ್ಯ ಬೆನ್ನಿಗೊಂದು ಆಸರೆ ಇರುವಲ್ಲಿ ಕೂರಲು ಬಯಸುತ್ತಾನೆ. ಹಿಂದಿನಿಂದ ಯಾರು ಹಾದುಹೋಗುತ್ತಾರೋ ಎಂಬ ಕಸಿವಿಸಿಯಲ್ಲಿ ನೆಮ್ಮದಿಯ ಊಟ ಸಾಧ್ಯವಿಲ್ಲ. ಸುಮಾರು 120 ಸೆಂಟಿಮೀಟರ್ ಎತ್ತರದ ಅಡ್ಡತಡಿಕೆಯೊಂದನ್ನು ಸಭಾಂಗಣದ ನಡುವೆ ಉದ್ದಕ್ಕೆ ನಿಲ್ಲಿಸಿದರೆ, ಕೂತವರಿಗೆ ಅದು ಗೋಡೆಯಂತೆ ಕಾಣುತ್ತದೆ, ನಿಂತ ಸಿಬ್ಬಂದಿಗೆ ಆಚೆ ಬದಿಯೂ ಕಾಣುತ್ತದೆ.

ಉತ್ತರ 2 (ಮೊದಲು ರೆಸ್ಟೋರೆಂಟ್ ನಡೆಸುತ್ತಿದ್ದವರು)

ಮೇಲಿನ ಸಲಹೆ ಸರಿ, ಆದರೆ ಸದ್ದಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ರೆಸ್ಟೋರೆಂಟಿನಲ್ಲಿ ನುಣುಪು ಕಲ್ಲಿನ ನೆಲ, ಒಂದು ಬದಿ ಪೂರ್ತಿ ಗಾಜು, ಮೇಲೆ ಬರಿಯ ಕಾಂಕ್ರೀಟ್ ಇತ್ತು. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ತುಂಬಿದ ಸಂಜೆಗಳಲ್ಲಿ ಮಾತ್ರ ಒಂದು ಚಮಚ ಬಿದ್ದರೂ ಗಂಟೆ ಬಾರಿಸಿದಂತಾಗುತ್ತಿತ್ತು. ವಾರಕ್ಕೊಮ್ಮೆ ಮಗಳೊಂದಿಗೆ ಬರುತ್ತಿದ್ದ ಹಿರಿಯರೊಬ್ಬರು ಒಂದು ದಿನ ಕಿವಿಯ ಶ್ರವಣಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಮಗಳ ಜತೆ ಮಾತೇ ಆಡದೆ ಊಟ ಮುಗಿಸಿದರು. ಆಮೇಲೆ ಅವರು ಬರಲಿಲ್ಲ. ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ಸುತ್ತ ಸದ್ದು ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಒಂದು ಟೇಬಲ್ ದನಿ ಏರಿಸಿದರೆ ಪಕ್ಕದ್ದೂ ಏರಿಸುತ್ತದೆ, ಕೊನೆಗೆ ಎಲ್ಲರೂ ಕೂಗಾಡುತ್ತಾರೆ. ಫಾಲ್ಸ್ ಸೀಲಿಂಗ್ ಹಾಕಿಸುವುದೇ ಆದರೆ ಅಂದಕ್ಕಲ್ಲ, ಸದ್ದು ಹೀರುವ ಹಲಗೆಗಳದ್ದನ್ನೇ ಹಾಕಿಸಿ. ಅಷ್ಟು ಹಣವಿಲ್ಲದಿದ್ದರೆ ದಪ್ಪ ಪರದೆ, ಟೇಬಲ್‌ಗಳ ಅಡಿಗೆ ಅಂಟಿಸುವ ಫೆಲ್ಟ್, ಕುರ್ಚಿಯ ಕಾಲುಗಳಿಗೆ ರಬ್ಬರ್ ಇವುಗಳಿಂದಲೂ ಸ್ವಲ್ಪ ಪ್ರಯೋಜನವಿದೆ.

ಉತ್ತರ 3

ಒಂದು ಎಚ್ಚರಿಕೆ. ವಾತಾವರಣ ಹಿತವಾದಷ್ಟೂ ಲಾಭ ಹೆಚ್ಚುತ್ತದೆ ಎಂದೇನೂ ಇಲ್ಲ. ಅಮೆರಿಕದ ಮಾರ್ಕೆಟಿಂಗ್ ಸಂಶೋಧಕ ರೊನಾಲ್ಡ್ ಮಿಲಿಮನ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಧಾನಗತಿಯ ಸಂಗೀತವಿದ್ದಾಗ ಗ್ರಾಹಕರು ಸರಾಸರಿ 56 ನಿಮಿಷ, ವೇಗದ ಸಂಗೀತವಿದ್ದಾಗ 45 ನಿಮಿಷ ಟೇಬಲ್‌ನಲ್ಲಿ ಕೂತಿದ್ದರು. ಊಟದ ಖರ್ಚಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ನಿಧಾನಗತಿಯ ಸಂಗೀತವಿದ್ದಾಗ ಬಾರ್‌ನ ಪಾನೀಯಗಳ ಖರ್ಚು ಮಾತ್ರ ಏರಿತ್ತು. ಹೊರಗೆ ಜನ ಕಾಯುತ್ತಿರುವಾಗ ಆ 11 ನಿಮಿಷ ನಿಮಗೆ ನಷ್ಟವೇ. ಟೇಬಲ್ ಖಾಲಿಯಿರುವ ಹೊತ್ತಿನಲ್ಲಿ ಅದೇ ಲಾಭ.

ದೀಪಕ್ಕೆ ದುಬಾರಿ ತೂಗುಗೊಂಚಲು ಬೇಕಿಲ್ಲ. 2700ರಿಂದ 3000 ಕೆಲ್ವಿನ್‌ನ (ಎಂದರೆ ಹಳದಿ ಛಾಯೆಯ ಬೆಚ್ಚನೆಯ ಬೆಳಕಿನ), ಬಣ್ಣಗಳನ್ನು ನಿಜವಾಗಿ ತೋರಿಸುವ ಸೂಚ್ಯಂಕ 90ಕ್ಕಿಂತ ಮೇಲಿರುವ ಬಲ್ಬ್‌ಗಳನ್ನು ತಟ್ಟೆಯ ಮೇಲೆ ಬೆಳಕು ಬೀಳುವಂತೆ ಹಾಕಿಸಿ. ನೆತ್ತಿಯ ಮೇಲೆ ಬಿದ್ದರೆ ಕಣ್ಣ ಕೆಳಗೆ ನೆರಳು ಮೂಡಿ, ಎದುರು ಕೂತವರು ರೋಗಿಯಂತೆ ಕಾಣುತ್ತಾರೆ. ಖರ್ಚಿಗೆ ಮೊದಲು, ಜನರಿರುವ ಹೊತ್ತಿನಲ್ಲಿ ನಡುವಿನ ಒಂದೊಂದು ಕುರ್ಚಿಯಲ್ಲೂ ಹತ್ತು ನಿಮಿಷ ಕೂತು ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಕೂತು ನೋಡಿದೆ. ಐದನೆಯ ಟೇಬಲ್‌ನಲ್ಲಿ ಎಸಿಯ ಗಾಳಿ ನೇರವಾಗಿ ಕುತ್ತಿಗೆಗೆ ಹೊಡೆಯುತ್ತದೆ. ಏಳನೆಯದರಲ್ಲಿ ಶೌಚಾಲಯದ ಬಾಗಿಲು ತೆರೆದಾಗಲೆಲ್ಲ ಬಿಳಿ ಬೆಳಕು ಕಣ್ಣಿಗೆ ರಾಚುತ್ತದೆ. ನಮ್ಮ ಹುಡುಗ ತಟ್ಟೆಗಳನ್ನು ಒಯ್ಯುವಾಗ ಎರಡು ಸಲ ನನ್ನ ಕುರ್ಚಿಗೆ ತಾಗಿದ, ಎರಡನೆಯ ಸಲ ಕ್ಷಮೆಯನ್ನೂ ಕೇಳಲಿಲ್ಲ, ಅಷ್ಟು ಅಭ್ಯಾಸವಾಗಿಬಿಟ್ಟಿದೆ. ಎರಡು ವರ್ಷ ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಇಡೀ ಸಭಾಂಗಣವನ್ನು ನೋಡಿಕೊಂಡಿದ್ದೆ. ಗುತ್ತಿಗೆದಾರರಿಗೆ ಸದ್ಯಕ್ಕೆ ಬೇಡ ಎಂದಿದ್ದೇನೆ. ನಾಳೆ ಬಡಗಿಯನ್ನು ಕರೆಸುತ್ತೇನೆ.