ಅಪ್‌ಡೇಟ್: ಸೀಬೆ ಹಣ್ಣಿನ ಹುಳ, ಕಡು ವಿಷ ಹೊಡೆಯದೆ

ಸೀಬೆ ಹಣ್ಣು ಕೊಯ್ದರೆ ಒಳಗೆಲ್ಲ ಹುಳ, ಎಲೆಯಡಿ ಬಿಳಿ ಹಿಟ್ಟು ತಿಗಣೆ. ಕಡು ವಿಷ ಬೇಡ, ಬೇರೆ ದಾರಿ ಇದೆಯಾ ಎಂದು ಕೇಳಿದ್ದೆ. ಆಗಿದ್ದು ಹೇಳುತ್ತೇನೆ.

ಈ ಹುಳ ಹಣ್ಣಿನ ನೊಣದ ಮರಿ. ಅದಕ್ಕೇ ಮೊದಲು ಮೀಥೈಲ್ ಯೂಜಿನಾಲ್ (ನೊಣವನ್ನು ವಾಸನೆಯಿಂದ ಸೆಳೆಯುವ ರಾಸಾಯನಿಕ) ಇಟ್ಟ ಬಲೆ ಕಟ್ಟಿದೆ. ನೊಣ ರಾಶಿ ಬಿದ್ದವು, ಗೆದ್ದೆ ಅಂದುಕೊಂಡೆ. ಹಣ್ಣಲ್ಲಿ ಹುಳ ಮಾತ್ರ ಹಾಗೇ ಇತ್ತು! ಆ ವಾಸನೆಗೆ ಬರುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವುದು ಹೆಣ್ಣು, ಅಲ್ವಾ? ಸುತ್ತ ಬೇರೆ ಮರಗಳಿದ್ದರೆ ಅಲ್ಲಿಂದಲೂ ಹಾರಿ ಬರುತ್ತದೆ. ಒಂದೆರಡು ಮರಕ್ಕೆ ಬಲೆಯೊಂದೇ ಸಾಲದು.

ನಿಜವಾಗಿ ಕೆಲಸ ಮಾಡಿದ್ದು ಚೀಲ. ಕಾಯಿ ಇನ್ನೂ ಗಟ್ಟಿಯಾಗಿ ಹಸಿರಿರುವಾಗಲೇ ಕಾಗದದ ಚೀಲ ಕಟ್ಟಬೇಕು. ತಡ ಮಾಡಿ ಕಟ್ಟಿದವುಗಳಲ್ಲಿ ಮೊಟ್ಟೆ ಆಗಲೇ ಸೇರಿತ್ತು. ಬಿದ್ದ ಹಣ್ಣನ್ನು ದಿನಾ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟೆ. ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಬೇಜಾರಿನ ಕೆಲಸ, ಆದರೆ ತಪ್ಪಿಸುವಂತಿಲ್ಲ.

ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ, ಎಲೆಯೂ ಸುಡಬಹುದು. ಹಾಗಾಗಿ ಸಂಜೆ ಹೊಡೆದೆ, ಎಲೆಯ ಅಡಿಗೂ. ವಾರಕ್ಕೊಮ್ಮೆ ಮೂರು ಸಲ. ಇರುವೆ ಹತ್ತದಂತೆ ಕಾಂಡಕ್ಕೆ ಅಂಟುಪಟ್ಟಿ ಸುತ್ತಿದ ಮೇಲಷ್ಟೇ ತಿಗಣೆ ಇಳಿಯಿತು. ತಿಗಣೆ ಸುರಿಸುವ ಸಿಹಿ ಅಂಟಿನಾಸೆಗೆ ಇರುವೆಗಳೇ ಅವನ್ನು ಕಾಯುತ್ತಿದ್ದವು!

ಚೀಲ ಎಟುಕದ ಮೇಲಿನ ಕೊಂಬೆಗಳಲ್ಲಿ ಈಗಲೂ ಹುಳ ಇದೆ. ಈ ಸಲ ಮರ ಸವರಿ ಗಿಡ್ಡ ಮಾಡುತ್ತೇನೆ.